ಬ್ಯಾಟರಿ ಸೈಕಲ್ಲು ಮತ್ತು ಮನೆ ದಾರಿಯ ಏರು

ಕುಣಿಗಲ್‌ನ ಮಗಳು ನನಗೆ ಬ್ಯಾಟರಿ ಸೈಕಲ್ ಕೊಡಿಸಿದ್ದು ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನನ್ನ ಮಂಡಿ ನೋವಿನ ಪುರಾಣ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಪೆಡಲ್ ತುಳಿದರೆ ಮೋಟರ್ ತಾನೂ ಜೊತೆಗೆ ಎಳೆಯುತ್ತದೆ ಎಂದಳು. ಅದು ಸೈಕಲ್ಲೋ ಗಾಡಿಯೋ ನನಗಂತೂ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕ ಸೈಕಲ್ ನಿಲ್ಲಿಸಿಕೊಳ್ಳುವವನಿಗೂ ತಿಳಿಯಲಿಲ್ಲ. ಒಂದು ದಿನ ಸೈಕಲ್ ಸಾಲಿಗೆ ಕಳಿಸಿದ, ಮರುದಿನ ಸ್ಕೂಟರ್ ಸಾಲಿಗೆ ಅಟ್ಟಿದ.

ತರಕಾರಿಗೆ, ರೇಷನ್ನಿಗೆ, ಹಿಟ್ಟಿನ ಗಿರಣಿಗೆ ಅದರಲ್ಲೇ ಹೊರಟೆ. ಪೇಚಾಟ ಶುರುವಾದದ್ದು ಶಿರಾ ಗೇಟ್‌ನಿಂದ ನಮ್ಮ ಮನೆಗೆ ಬರುವ ಏರಿನಲ್ಲಿ. ಅಲ್ಲಿ ಸೈಕಲ್ಲಿನವರೆಲ್ಲ ಇಳಿದು ತಳ್ಳಲೇಬೇಕು. ನನ್ನ ಹಳೇ ಸೈಕಲ್ಲನ್ನು ಹಾಗೆ ತಳ್ಳುತ್ತಾ ಪರಿಚಯವಾದವರು ಬೀಗ ರಿಪೇರಿಯ ಸಾಬರು. ನನಗಿಂತ ಹಿರಿಯರು. ಹತ್ತು ವರ್ಷ ನಾವು ಮಾತಾಡಿದ್ದೆಲ್ಲ ಆ ಏರಿನಲ್ಲೇ. ಅವರ ಹೆಂಡತಿಯ ಸಕ್ಕರೆ ಕಾಯಿಲೆ, ಗುಬ್ಬಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಜೊತೆ ನನ್ನ ಜಗಳ, ಎಲ್ಲ. ಮೇಲೆ ಹತ್ತಿದ ಮೇಲೆ ಅವರು ಎಡಕ್ಕೆ, ನಾನು ಬಲಕ್ಕೆ. ಅವರ ಮನೆ ಯಾವುದೆಂದು ನನಗೆ ಗೊತ್ತಿರಲಿಲ್ಲ.

ಹೊಸ ಸೈಕಲ್ಲಿನ ಮೊದಲ ಸಂಜೆ ಅವರು ಎಂದಿನಂತೆ ಟಿನ್ನಿನ ಪೆಟ್ಟಿಗೆ ಕಟ್ಟಿದ ಸೈಕಲ್ ತಳ್ಳುತ್ತಿದ್ದರು. ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಅವರನ್ನು ದಾಟಿಬಿಟ್ಟಿದ್ದೆ. ನಿಲ್ಲಬೇಕಿತ್ತೇ? ನಿಂತಿದ್ದರೆ ಹೊಸ ಸೈಕಲ್ ತೋರಿಸಿ ಮೆರೆದಂತಾಗುತ್ತಿತ್ತೇ? ಮರುದಿನ ಅವರ ಪಕ್ಕದಲ್ಲೇ ಮೆಲ್ಲಗೆ ತುಳಿಯಲು ನೋಡಿದೆ. ಸೈಕಲ್ ಓಲಾಡಿ ಚರಂಡಿಗೆ ಬೀಳುವುದರಲ್ಲಿದ್ದೆ. ಮೂರನೇ ದಿನದಿಂದ ಸಾಬರು ಏರಿನಲ್ಲಿ ಕಾಣಲೇ ಇಲ್ಲ.

ಕಾಯಿಲೆಯೋ ಕೋಪವೋ ಗೊತ್ತಾಗದೆ ಎರಡು ವಾರ ತಲೆ ಕೆಡಿಸಿಕೊಂಡೆ. ಹತ್ತು ವರ್ಷದ ಸ್ನೇಹವನ್ನು ಒಂದು ಮೋಟರ್‌ಗಾಗಿ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು. ಕೊನೆಗೆ ಶಿರಾ ಗೇಟ್‌ನಲ್ಲಿದ್ದ ಅವರ ಅಂಗಡಿಗೇ ಹೋದೆ.

"ಕೋಪ ಯಾಕ್ ಮಾಡ್ಕೊಳ್ಳಿ ಮೇಷ್ಟ್ರೇ? ನನ್ನ ಕಂಡ್ರೆ ನಿಮ್ಗೆ ನಿಲ್ಲೋದಾ, ಹೋಗೋದಾ ಅಂತ ಕಷ್ಟ. ಅದ್ಕೇ ಹಿಂದ್ಗಡೆ ರೋಡಲ್ಲಿ ಸುತ್ಕೊಂಡ್ ಹೋಗ್ತಿದೀನಿ," ಎಂದರು.

ಆ ವಯಸ್ಸಿನಲ್ಲಿ, ಆ ಪೆಟ್ಟಿಗೆ ಕಟ್ಟಿಕೊಂಡು, ನನಗೋಸ್ಕರ ಸುತ್ತು ದಾರಿ! ನಾಚಿಕೆಗೆ ಬಾಯಿಗೆ ಸುಳ್ಳು ಬಂತು. "ಬ್ಯಾಟರಿ ಸರಿಯಿಲ್ಲ ಸಾಬ್ರೇ. ಏರು ಬಂದ್ರೆ ಎಳೆಯೋದೇ ಇಲ್ಲ. ಇನ್ಮೇಲೆ ನಾನೂ ತಳ್ಳೋನೇ."

ಅಂದು ಸಂಜೆ ಏರಿನ ಬುಡದಲ್ಲಿ ಇಬ್ಬರೂ ಇಳಿದೆವು. ಬ್ಯಾಟರಿಯ ಭಾರ, ಮೇಲೆ ಗಿರಣಿಯ ಹಿಟ್ಟಿನ ಡಬ್ಬ. ಅರ್ಧ ದಾರಿಗೇ ನನ್ನ ಮಂಡಿ ಚುಳ್ ಎಂದಿತು. ನಿಂತೆ. ಸಾಬರು ಹತ್ತಿರ ಬಂದು ನನ್ನ ಹ್ಯಾಂಡಲ್ ನೋಡಿದರು. ಬ್ಯಾಟರಿ ತುಂಬಿದೆ ಎಂದು ತೋರಿಸುವ ಮೂರೂ ಹಸಿರು ದೀಪ ಉರಿಯುತ್ತಿದ್ದವು. ಆರಿಸುವುದನ್ನೇ ಮರೆತಿದ್ದೆ.



"ಸ್ವಿಚ್ ಆಫ್ ಮಾಡಿ ಮೇಷ್ಟ್ರೇ, ಸುಮ್ನೆ ಚಾರ್ಜ್ ದಂಡ," ಎಂದರು. ಆಮೇಲೆ ತಮ್ಮ ಸೈಕಲ್ ನನ್ನ ಕೈಗೆ ಕೊಟ್ಟು, ನನ್ನದನ್ನು ತಾವು ಹಿಡಿದು ತಳ್ಳತೊಡಗಿದರು.

ಪೆಟ್ಟಿಗೆಯಿದ್ದರೂ ಅವರದು ನನ್ನದಕ್ಕಿಂತ ಹಗುರವಾಗಿತ್ತು. ಅವರ ಹೆಂಡತಿಗೆ ಸಕ್ಕರೆ ಈಗ ಎಷ್ಟಿದೆ ಎಂದು ಕೇಳುತ್ತಾ ಹಿಂದೆ ನಡೆದೆ.