ಟಿವಿಯ ಹಿಂದೆ ಕೂತಿದ್ದವರು

ಕಳೆದ ವಾರ ಮಡಿವಾಳ ಮಾರ್ಕೆಟ್ಟಿನ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಫೋನು ಬಿಚ್ಚಿಸಿಕೊಂಡು ನಿಂತಿದ್ದೆ. ಅಂಗಡಿಯವನು ಬೆಸುಗೆ ಹಾಕುವ ಕಡ್ಡಿಯ ತುದಿಯನ್ನು ರಾಳದ ಡಬ್ಬಿಗೆ ಅದ್ದಿದ. ಚುರ್ ಅಂತ ಒಂದೆಳೆ ಹೊಗೆ ಎದ್ದಿತು. ಸುಟ್ಟ ರಾಳದ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನನ್ನ ಕಣ್ಣು ತುಂಬಿಬಿಟ್ಟಿತು. "ಹೊಗೆ ಕಣ್ಣಿಗೆ ಹೋಯ್ತಾ ಮೇಡಂ? ಈ ಕಡೆ ಬನ್ನಿ" ಅಂದ ಪಾಪ. ಹೂಂ ಅಂದೆ. ಸುಳ್ಳು ಹೇಳುವುದರಲ್ಲಿ ನನಗೆ ಹಳೆಯ ಅನುಭವವಿದೆ.

ಆ ವಾಸನೆ ನನ್ನ ಪಾಲಿಗೆ ಒಬ್ಬರದೇ... ಜೆ.ಪಿ. ನಗರದಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಒಬ್ಬ ಅಂಕಲ್. ಅವರಿಗೆ ನಾನೊಂದು ಸುಳ್ಳು ಹೇಳಿದ್ದೆ. ಸಣ್ಣದು, ನಾಲ್ಕು ಮಾತಿನದು. ಅವರ ಕಣ್ಣು ಹೋದದ್ದರಲ್ಲಿ ಆ ಸುಳ್ಳಿಗೂ ಪಾಲಿದೆ. ಇದನ್ನು ಇದುವರೆಗೆ ನಾನು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹುಬ್ಬಳ್ಳಿಯಿಂದ ಬಂದು ಬಿ.ಟಿ.ಎಂ.ನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಬಸ್ ಟಿಕೆಟ್ ಬುಕ್ ಮಾಡುವ ಒಂದು ಆಫೀಸಿನಲ್ಲಿ ಕೆಲಸ. ದಿನವಿಡೀ ಊರಿಗೆ ಹೊರಟವರಿಗೆಲ್ಲ ಸೀಟು ಹಿಡಿದುಕೊಟ್ಟು, ಸಂಜೆ ನಾನು ಮಾತ್ರ ಎಲ್ಲಿಗೂ ಹೋಗದೆ ಆ ಕೋಣೆಗೆ ಬಂದು ಬೀಗ ತೆಗೆಯುತ್ತಿದ್ದೆ. ಶನಿವಾರ, ಭಾನುವಾರ ರಜೆ. ರಜೆ ಬಂತೆಂದರೆ ನನಗೆ ಎದೆ ಧಸಕ್ ಅನ್ನುತ್ತಿತ್ತು. ಎರಡು ದಿನ ಯಾರ ಜೊತೆಯೂ ಮಾತಿಲ್ಲದೆ, ಸೋಮವಾರ ಬೆಳಿಗ್ಗೆ ಹಾಲಿನವನಿಗೆ ಒಂದು ಮಾತು ಹೇಳಲು ಹೋದರೆ ಗಂಟಲು ಕಟ್ಟಿರುತ್ತಿತ್ತು.

ಆ ವರ್ಷ ಆಯುಧಪೂಜೆಯ ದಿನ ಆಫೀಸಿನ ಲಕ್ಕಿ ಡ್ರಾದಲ್ಲಿ ನನಗೆ ಒಂದು ಚಪ್ಪಟೆ ಟಿವಿ ಬಂತು. ಜನ್ಮದಲ್ಲಿ ಒಂದು ಪೆನ್ನು ಕೂಡ ಗೆದ್ದವಳಲ್ಲ ನಾನು! ಆದರೆ ಮನೆ ಓನರ್ ಆಂಟಿ ಗೋಡೆಗೆ ತೂತು ಬೀಳುತ್ತದೆಂದು ಕೇಬಲ್ ಎಳೆಯಲು ಬಿಡಲಿಲ್ಲ. ಬರೀ ಗಾಜು ಇಟ್ಟುಕೊಂಡು ಏನು ಮಾಡುವುದು? ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಹಳೆಯ ಟಿವಿ ಗೇಮನ್ನು ಬ್ಯಾಗಿಗೆ ತುರುಕಿಕೊಂಡು ಬಂದೆ. ತೊಂಬತ್ತರ ದಶಕದಲ್ಲಿ ಅಪ್ಪ ಕೊಡಿಸಿದ್ದು. ಬೂದುಬಣ್ಣದ ಡಬ್ಬಿ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಅದರೊಳಗೆ ನನ್ನ ಪ್ರೀತಿಯ ಆಟ: ಒಂದು ಪುಟ್ಟ ವಿಮಾನ ಇಟ್ಟಿಗೆ ಗೋಡೆಗಳನ್ನು ಒಡೆಯುತ್ತಾ ಬೆಟ್ಟ ದಾಟುವುದು.

ಹಚ್ಚಿದರೆ, ಅಯ್ಯೋ, ಏನದು ಅವತಾರ! ಆ ಕಾಲದ ಗೇಮುಗಳು ಆಂಟೆನಾ ವೈರಿನ ಮೂಲಕ ಚಿತ್ರ ಕಳಿಸುತ್ತಿದ್ದವು. ಹಳೆಯ ಡಬ್ಬಾ ಟಿವಿ ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಈ ಹೊಸ ಟಿವಿ ಒಂದೊಂದು ತಪ್ಪನ್ನೂ ದೊಡ್ಡದು ಮಾಡಿ ತೋರಿಸಿತು. ಮರಳು ಸುರಿದಂಥ ಚುಕ್ಕೆ, ಕೆಳಗಿನಿಂದ ಮೇಲೆ ಉರುಳುವ ಪಟ್ಟೆ, ಗಡಿ ದಾಟಿ ಹರಿದ ಬಣ್ಣ. ಚಿತ್ರ ಅಗಲಕ್ಕೆ ಹಿಗ್ಗಿ ವಿಮಾನ ಚಪಾತಿಯಂತೆ ಕಾಣುತ್ತಿತ್ತು.

ಯಾರೋ ಹೇಳಿದರೆಂದು ಟಿವಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಆ ಅಂಕಲ್ ಅಂಗಡಿಗೆ ಹೋದೆ. ಮೆಟ್ಟಿಲ ಕೆಳಗಿನ ಅಂಗಡಿ, ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅರವತ್ತರ ಹತ್ತಿರದ ಮನುಷ್ಯ, ದಪ್ಪ ಕನ್ನಡಕ, ಅರ್ಧ ತೋಳಿನ ಸ್ವೆಟರು. ನನ್ನ ಗೇಮನ್ನು ನೋಡಿ ನಗುತ್ತಾರೇನೋ ಅಂದುಕೊಂಡಿದ್ದೆ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, "ಎಷ್ಟು ವರ್ಷ ಆಗಿತ್ತಮ್ಮ ಇದನ್ನ ನೋಡಿ" ಅಂದರು. "ರಿಪೇರಿ ಆಕ್ಕತೇನ್ರಿ?" ಅಂತ ಕೇಳಿದೆ. "ಆಕ್ಕತ್ರಿ, ಆಕ್ಕತಿ" ಅಂತ ನನ್ನ ಮಾತನ್ನೇ ನನಗೆ ಆಡಿ ತೋರಿಸಿದರು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟು ನೆತ್ತಿಗೇರುತ್ತಿತ್ತು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನನ್ನು ರೇಗಿಸಿದ್ದರು, ನನಗೆ ಖುಷಿಯೇ ಆಯಿತು.

ಅವರದ್ದೊಂದು ಪದ್ಧತಿಯಿತ್ತು. ಕೆಲಸ ಮಾಡುವಾಗ ಅವರು ಟಿವಿಯ ಹಿಂದೆ ಕೂರುತ್ತಿದ್ದರು, ಗಿರಾಕಿಯನ್ನು ಮುಂದೆ ಕೂರಿಸುತ್ತಿದ್ದರು. ಹರೆಯದಲ್ಲಿ ಜಯನಗರದ ತಾರಸಿಗಳ ಮೇಲೆಲ್ಲ ಆಂಟೆನಾ ಕಟ್ಟಿದವರು. ಮೇಲಿನಿಂದ ಇವರು "ಬಂತಾ?" ಅಂತ ಕೂಗುವುದು, ಕೆಳಗೆ ಕಿಟಕಿಯಲ್ಲಿ ಮನೆಯವರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅನ್ನುವುದು, ಕೊನೆಗೊಮ್ಮೆ "ಬಂತು, ಬಂತು, ಮುಟ್ಟಬೇಡಿ!" ಅಂದರೆ ಬೋಲ್ಟು ಬಿಗಿದು ಇಳಿಯುವುದು. "ಚಿತ್ರ ಬಂತೋ ಇಲ್ವೋ ಅಂತ ನೋಡೋರು ಹೇಳ್ಬೇಕು ಕಣಮ್ಮ, ನಾನಲ್ಲ" ಅನ್ನುತ್ತಿದ್ದರು. ಆಂಟೆನಾ ಹೋಗಿ ಕೇಬಲ್ ಬಂದು ಎಷ್ಟೋ ಕಾಲವಾಗಿತ್ತು. ಅವರು ಮಾತ್ರ ಆ ಅಭ್ಯಾಸ ಬಿಟ್ಟಿರಲಿಲ್ಲ. ಅದರಿಂದಾಗಿ ಟಿವಿಯ ಮುಂದೆ ಕೂತವರ ಬಾಯಿಂದ ಬಂದದ್ದೇ ಅವರಿಗೆ ಪ್ರಮಾಣ.

"ಟಿವಿ ಇಲ್ಲೇ ಇರ್ಲಿ, ಶನಿವಾರ ಬಾ" ಅಂದರು. ಮುಂದಿನ ಶನಿವಾರ ಹೋದೆ. ಅದರ ಮುಂದಿನದೂ ಹೋದೆ. ಮೊದಲು ಅವರು ಗೇಮಿನ ಡಬ್ಬಿ ಬಿಚ್ಚಿ, ಆಂಟೆನಾ ದಾರಿಯನ್ನೇ ಬಿಟ್ಟು, ಒಳಗಿನ ಬೋರ್ಡಿನಿಂದ ನೇರವಾಗಿ ಒಂದು ವೈರು ಎಳೆದು ಹಳದಿ ಪಿನ್ನು ಕೂರಿಸಿದರು. ಮರಳು ಹೋಯಿತು. ಆಮೇಲೆ ಅಡಾಪ್ಟರ್ ಬದಲಾಯಿಸಿದರು, ಪಟ್ಟೆ ಉರುಳುವುದು ನಿಂತಿತು. ಟಿವಿಯ ಮೆನುವಿಗೆ ಹೋಗಿ ಚಿತ್ರದ ಅಗಲ ಇಳಿಸಿದರು, ವಿಮಾನ ಮತ್ತೆ ವಿಮಾನವಾಯಿತು. ಶಾರ್ಪ್‌ನೆಸ್ಸನ್ನು ಪೂರ್ತಿ ಸೊನ್ನೆಗೆ ತಂದರು. "ಹೆಸರು ಕೇಳಿ ಎಲ್ರೂ ಅದನ್ನ ಜಾಸ್ತಿ ಮಾಡ್ತಾರೆ, ಅದು ಇಲ್ದಿರೋ ಗೆರೆ ಎಲ್ಲ ಬರೆಯುತ್ತೆ" ಅಂತ ನನಗೆ ಪಾಠ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ, ಹಳೆಯ ಚಿತ್ರವನ್ನು ಹೊಸ ಟಿವಿಗೆ ಹೊಂದಿಸುವ ಒಂದು ಪುಟ್ಟ ಕನ್ವರ್ಟರ್ ಡಬ್ಬಿಯನ್ನೂ ಹುಡುಕಿ ತಂದರು. ನಡುವೆ ಬೈಟು ಕಾಫಿ ಬರುತ್ತಿತ್ತು. ಅವರದಕ್ಕೆ ಸಕ್ಕರೆ ಇಲ್ಲ. "ಶುಗರ್ ಇದೆಯಲ್ಲಮ್ಮ, ಹಳೇ ನೆಂಟ" ಅನ್ನುತ್ತಿದ್ದರು. ಅವರ ಮಗಳು ಹುಳಿಮಾವಿನಲ್ಲಿದ್ದಳಂತೆ, ಮನೆಯಲ್ಲಿ ಅವರೊಬ್ಬರೇ. ನಾನು ಆಫೀಸಿನ ಕತೆ ಹೇಳುತ್ತಿದ್ದೆ, ಅವರು ಟಿವಿಯ ಹಿಂದಿನಿಂದಲೇ ಹೂಂಗುಟ್ಟುತ್ತಿದ್ದರು.

ಎರಡನೆಯ ತಿಂಗಳ ಒಂದು ಶನಿವಾರ, ಚಿತ್ರ ಬಂತು. ಅದನ್ನು ಹೇಗೆ ಹೇಳಲಿ... ಇಟ್ಟಿಗೆ ಇಟ್ಟಿಗೆ ಬಿಡಿಸಿ ಎಣಿಸಬಹುದಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ವಿಮಾನದ ಕಿಟಕಿಯಲ್ಲಿ ಎರಡು ಚುಕ್ಕೆ ಕಂಡವು, ಒಂದು ಕಪ್ಪು, ಒಂದು ಗೋಧಿಬಣ್ಣ. ತಲೆಗೂದಲು, ಮುಖ. ಒಳಗೊಬ್ಬ ಪೈಲಟ್ ಇದ್ದ! ಬಾಲ್ಯವಿಡೀ ಆ ವಿಮಾನ ಹಾರಿಸಿದ ನನಗೆ ಅದರಲ್ಲೊಬ್ಬ ಮನುಷ್ಯನಿದ್ದಾನೆಂದೇ ಗೊತ್ತಿರಲಿಲ್ಲ.

"ಬಂತಾ?" ಅಂದರು ಹಿಂದಿನಿಂದ.

ಬಂತು ಅಂದರೆ ಮುಗಿಯಿತು. ಟಿವಿ ಎತ್ತಿಕೊಂಡು ಆಟೋ ಹತ್ತಬೇಕು. ಮುಂದಿನ ಶನಿವಾರ ಮತ್ತೆ ಆ ಕೋಣೆ, ಆ ಕಿಟಕಿ, ಎದುರುಮನೆಯ ನೀರಿನ ಟ್ಯಾಂಕು. ನನಗೆ ಗಾಬರಿಯಾಯಿತು, ನಿಜ ಹೇಳುತ್ತೇನೆ. ಯೋಚನೆಯನ್ನೇ ಮಾಡದೆ ಬಾಯಿಂದ ಬಿತ್ತು: "ಇನ್ನೂ ಸ್ವಲ್ಪ ಮಂಜ ಐತ್ರಿ."

ಅವರು ಎದ್ದು ಮುಂದೆ ಬಂದರು. ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿ, ಹಾಕಿಕೊಂಡು, ಪರದೆಯ ಹತ್ತಿರ ಬಗ್ಗಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರ ಮುಖ ಅರಳಿತು. "ಹೌದಲ್ವಾ? ನಿಂಗೂ ಮಂಜು ಕಾಣ್ತಿದೆ ತಾನೇ? ನಾನು ನನ್ನ ಕಣ್ಣೇ ಕೆಟ್ಟಿದೆ ಅಂದ್ಕೊಂಡು ಹೆದರಿಬಿಟ್ಟಿದ್ದೆ ಕಣಮ್ಮ. ಮಗಳು ಬುಧವಾರ ಕಣ್ಣಾಸ್ಪತ್ರೆಗೆ ಹೋಗೋಣ ಅಂತ ಪ್ರಾಣ ತಿಂತಿದ್ಲು." ಮೇಜಿನ ಮೇಲಿನ ಫೋನು ತೆಗೆದು ನನ್ನೆದುರೇ ಮಗಳಿಗೆ ಹೇಳಿದರು, "ಬುಧವಾರ ಬೇಡ ಬಿಡು, ಕಣ್ಣಿಗೇನೂ ಆಗಿಲ್ಲ. ಗಿರಾಕಿಗೂ ಹಂಗೇ ಕಾಣ್ತಿದೆ."

ಆ ಗಿರಾಕಿ ನಾನು. ಆಗಲೇ ಹೇಳಬಹುದಿತ್ತು. ಅಂಕಲ್, ತಮಾಷೆಗೆ ಅಂದೆ, ಚಿತ್ರ ಚೊಕ್ಕವಾಗಿದೆ, ನೀವು ಬುಧವಾರ ಹೋಗಿಬನ್ನಿ ಅಂತ. ಇಷ್ಟೇ ಮಾತು. ಆದರೆ ಸುಳ್ಳಿ ಅನ್ನಿಸಿಕೊಳ್ಳಲು ನಾಚಿಕೆ. ಮೇಲಾಗಿ ಅವರಿಗೆ ಅಷ್ಟು ಖುಷಿಯಾಗಿತ್ತು... ನಾನೂ ನಕ್ಕುಬಿಟ್ಟೆ.

ಆಮೇಲೆ ಐದಾರು ತಿಂಗಳು ಅವರು ಆ ಮಂಜಿನ ಬೆನ್ನು ಹತ್ತಿದರು. ವೈರು ಬದಲಾಯಿಸಿದರು, ಪಿನ್ನು ಬದಲಾಯಿಸಿದರು, ಎಲ್ಲ ಬೆಸುಗೆಯನ್ನೂ ಬಿಡಿಸಿ ಮತ್ತೆ ಹಾಕಿದರು. ಗಿರಣಿಯ ಹಿಟ್ಟು ಗಾಜಿನ ಮೇಲೆ ಕೂತಿದೆಯೆಂದು ಗಿರಣಿ ಅಕ್ಕನ ಜೊತೆ ಜಗಳವನ್ನೂ ಆಡಿದರು. "ನಮ್ಮ ಹಿಟ್ಟಿಗೆ ಬೇರೆ ಕೆಲ್ಸ ಇಲ್ವಾ, ನಿಮ್ಮ ಟಿವಿ ಮೇಲೇ ಬಂದು ಕೂರಕ್ಕೆ?" ಅಂತ ಆಕೆ ಬೈದಿದ್ದಕ್ಕೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನನ್ನ ಬೆಂಗಳೂರಿನ ಅತ್ಯಂತ ಒಳ್ಳೆಯ ದಿನಗಳು ಅವು ಅಂತ ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಶನಿವಾರ ಅವರು ಪರದೆ ನೋಡುತ್ತಾ, "ನಡುವೆ ಗೆರೆ ಡೊಂಕಿದೆ ನೋಡು" ಅಂದರು. ಹಳೆಯ ಡಬ್ಬಾ ಟಿವಿಯಲ್ಲಿ ಗೆರೆ ಬಾಗುತ್ತಿತ್ತು. ಚಪ್ಪಟೆ ಟಿವಿಯಲ್ಲಿ ಚುಕ್ಕೆಗಳು ಗಾಜಿನೊಳಗೇ ಸಾಲಾಗಿ ಕೂತಿರುತ್ತವೆ, ಅವು ಬಾಗಲು ಸಾಧ್ಯವೇ ಇಲ್ಲ. ಇದನ್ನು ನನಗೆ ಹೇಳಿಕೊಟ್ಟವರೇ ಅವರು. "ಕಣ್ಣು ಒಮ್ಮೆ ತೋರಿಸ್ಕೊಂಡ್ ಬರ್ರಿ ಅಂಕಲ್" ಅಂದೆ. "ನಿಂಗೂ ಮಂಜು ಕಾಣುತ್ತಲ್ಲ, ಹಂಗಾದ್ರೆ ನೀನೂ ಬರ್ತೀಯಾ?" ಅಂತ ನಕ್ಕರು. ನಾನು ರಿಮೋಟು ಎತ್ತಿಕೊಂಡು ಆಟ ಶುರುಮಾಡಿದೆ.

ಅದಾದ ಮೂರನೆಯ ವಾರ ಹೋದಾಗ ಅಂಗಡಿಯ ಶಟರ್ ಎಳೆದಿತ್ತು. ಗಿರಣಿ ಅಕ್ಕ ಕೈಯ ಹಿಟ್ಟು ಕೊಡವುತ್ತಾ ಹೊರಗೆ ಬಂದಳು. ಬೆಸುಗೆ ಕಡ್ಡಿ ಎಲ್ಲಿದೆ ಅಂತ ಕಾಣದೆ ಕಾದ ತುದಿಯನ್ನೇ ಹಿಡಿದುಬಿಟ್ಟಿದ್ದರಂತೆ. ಮಗಳು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಳಂತೆ. ಶುಗರ್ ಕಣ್ಣಿನ ಹಿಂದೆ ಇಳಿದು ರಕ್ತ ಸೋರಿದೆ, ಕೆಲವು ತಿಂಗಳ ಮೊದಲೇ ಬಂದಿದ್ದರೆ ಇಷ್ಟರಮಟ್ಟಿಗೆ ಆಗಲು ಬಿಡುತ್ತಿರಲಿಲ್ಲ ಅಂದರಂತೆ ಡಾಕ್ಟರು. "ಯಾವ್ದೋ ಒಂದು ಟಿವಿ ಹಿಂದೆ ಬಿದ್ದು ಕಣ್ಣೇ ಕಳ್ಕೊಂಡ್ರು ನೋಡು" ಅಂದಳು. ಆ ಟಿವಿ ನನ್ನದೆಂದು ಆಕೆಗೂ ಗೊತ್ತಿತ್ತು. ಅದಕ್ಕೇ ಇರಬೇಕು, ತಟ್ಟನೆ ಗಿರಣಿಯೊಳಗೆ ಹೊರಟುಹೋದಳು.

ತಿಂಗಳ ಮೇಲೆ ಅಂಕಲ್ ಫೋನು ಬಂತು, ಅಂಗಡಿ ಖಾಲಿ ಮಾಡುತ್ತಿದ್ದೇನೆ, ಟಿವಿ ತೆಗೆದುಕೊಂಡು ಹೋಗು ಅಂತ. ಎಲ್ಲ ಹೇಳಿಬಿಡಬೇಕೆಂದು ಆಟೋದಲ್ಲಿ ಮಾತು ಜೋಡಿಸಿಕೊಳ್ಳುತ್ತಾ ಹೋದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ನಾನು ಕೈ ಹಿಡಿದು ಕರೆದೊಯ್ಯುವ ಮೊದಲೇ ಮೇಜು ತಡವುತ್ತಾ ಹೋಗಿ ಟಿವಿಯ ಹಿಂದೆ ಕೂತರು. ಬೆರಳಿನಿಂದಲೇ ಹುಡುಕಿ ಹಳದಿ ಪಿನ್ನು ಚುಚ್ಚಿದರು. ಗೇಮ್ ಹತ್ತಿತು. ವಿಮಾನ, ಇಟ್ಟಿಗೆ ಗೋಡೆ, ತೊಳೆದ ಆಕಾಶ, ಕಿಟಕಿಯಲ್ಲಿ ಅದೇ ಪೈಲಟ್.

"ಬಂತಾ?" ಅಂದರು.

"ಬಂತ್ರಿ ಅಂಕಲ್. ಮಂಜ ಹೋತ್ರಿ" ಅಂದೆ.

ಅವರು ಎರಡೂ ಕೈ ತೊಡೆಯ ಮೇಲಿಟ್ಟು ದೊಡ್ಡದಾಗಿ ಉಸಿರು ಬಿಟ್ಟರು. "ನೋಡ್ದ್ಯಾ? ಬಿಡ್ಲಿಲ್ಲ ನಾನು. ಕೊನೇಗೂ ತರಿಸ್ದೆ" ಅಂದರು. ಅವರ ಮುಖದ ಮೇಲಿದ್ದ ಆ ಸಂತೋಷವನ್ನು ನೋಡಿದ ಮೇಲೆ ನಾನು ಏನು ಹೇಳಲಿ? ನಿಮ್ಮ ಕಣ್ಣಿರುವಾಗಲೇ ಬಂದಿತ್ತು ಅಂತ ಹೇಳಲೇ? ಟಿವಿ ಎತ್ತಿಕೊಂಡು ಬಂದುಬಿಟ್ಟೆ. ಮತ್ತೆ ಆ ಕಡೆಗೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಕೆಲವು ವರ್ಷಗಳ ಮೇಲೆ ಬಸ್ಸಿನಲ್ಲಿ ಸಿಕ್ಕ ಗಿರಣಿ ಅಕ್ಕ, ಅಂಕಲ್ ತೀರಿಹೋಗಿ ಆರು ತಿಂಗಳಾಯಿತು ಅಂದಳು. ಮೆಟ್ಟಿಲ ಕೆಳಗೆ ಈಗ ಜ್ಯೂಸ್ ಅಂಗಡಿಯಿದೆ.

ಮಡಿವಾಳದಿಂದ ಮನೆಗೆ ಬಂದವಳು ಅಟ್ಟದಿಂದ ಬೂದು ಡಬ್ಬಿ ಇಳಿಸಿದೆ. ಈಗಿರುವುದು ಇನ್ನೂ ದೊಡ್ಡ ಟಿವಿ, ಗೋಡೆಗೆ ಅಂಟಿಕೊಂಡೇ ಇದೆ. ಅದರ ಹಿಂದೆ ಒಬ್ಬರು ಕೂರುವಷ್ಟು ಜಾಗವಿಲ್ಲ. ಅವರ ಕನ್ವರ್ಟರ್ ಡಬ್ಬಿ, ಅವರು ಎಳೆದ ವೈರು, ಅವರ ಬೆಸುಗೆ, ಎಲ್ಲ ಹಾಗೇ ಇತ್ತು. ಪಿನ್ನು ಚುಚ್ಚಿದೆ. ಒಂದು ಕಲೆಯಿಲ್ಲ, ಒಂದು ಗೆರೆ ಡೊಂಕಿಲ್ಲ. ನಾನು ಎದುರಿಗೆ ಕೂತೆ, ಆಟವಾಡಲಿಲ್ಲ. ಸ್ವಲ್ಪ ಹೊತ್ತು ಕಾದೆ, ಯಾರಾದರೂ ಕೇಳಲಿ ಅಂತ... ಯಾರೂ ಕೇಳಲಿಲ್ಲ. ನಾನೇ ಗಟ್ಟಿಯಾಗಿ ಹೇಳಿದೆ, "ಬಂತ್ರಿ ಅಂಕಲ್. ಎರಡನೇ ತಿಂಗಳಾಗ ಬಂದಿತ್ರಿ."