ಜಿರಲೆಗಳಿಗೆ ನುಸಿ ಹತ್ತಿದ್ದು

ನಮ್ಮ ಮನೆಯ ಜಿರಲೆಗಳಿಗೆ ನುಸಿ ಹತ್ತಿದ್ದು ದೇವರ ಬಾಳೆಹಣ್ಣಿನಿಂದ. ಮಳೆಗಾಲದ ಥಂಡಿಯಿಂದ ಅಲ್ಲ, ಯಾರ ಕಣ್ಣು ಬಿದ್ದೂ ಅಲ್ಲ.

ಜಿರಲೆಯನ್ನೂ ಸಾಕುತ್ತಾರೆಯೇ ಎಂದು ಬೈಲಹೊಂಗಲದ ನಮ್ಮ ಓಣಿಯವರೆಲ್ಲ ಕೇಳಿಯಾಗಿದೆ. ಸಾಕುತ್ತಾರೆ. ಕಿತ್ತೂರಿನಲ್ಲಿರುವ ನನ್ನ ಮಗಳ ಮಗಳು ಒಂದು ದೊಡ್ಡ ಮೀನು ಸಾಕಿದ್ದಳು. ಅದರ ಆಹಾರಕ್ಕೆಂದು ಈ ಜಿರಲೆಗಳು. ಅಡುಗೆಮನೆಯಲ್ಲಿ ಓಡಾಡುವ ಜಾತಿಯಲ್ಲ. ಹೆಬ್ಬೆರಳಿನ ಗಾತ್ರ, ನುಣುಪು ಗೋಡೆ ಹತ್ತಲಾರವು. ಮೀನು ಸತ್ತಮೇಲೆ ಡಬ್ಬಿಯನ್ನು ನಮ್ಮಲ್ಲಿ ತಂದಿಟ್ಟಳು. ತಿರುಗಿ ಒಯ್ಯಲು ಬಂದಾಗ ನಮ್ಮ ಯಜಮಾನರು ಕೊಡಲಿಲ್ಲ.

ಮೊಣಕಾಲು ಹೋದಮೇಲೆ ಅವರು ಹೊಲಕ್ಕೆ ಹೋಗುವುದು ನಿಂತಿತ್ತು. ಪಡಸಾಲೆಯಲ್ಲಿ ಕುಳಿತು ಗೋಡೆ ನೋಡುತ್ತಿದ್ದರು, ಸಿಕ್ಕವರ ಮೇಲೆ ಸಿಡುಕುತ್ತಿದ್ದರು. ಡಬ್ಬಿ ಬಂದಮೇಲೆ ಅದನ್ನು ನೋಡತೊಡಗಿದರು. ಮರಿ ಹಾಕಿದರೆ ನನ್ನನ್ನು ಕೂಗಿ ಕರೆಯುತ್ತಿದ್ದರು. ಗೋಡೆಗಿಂತ ಅದು ವಾಸಿ.

ಅವು ಅಡಗಿ ಕೂರಲು ರಟ್ಟಿನ ತತ್ತಿ ಟ್ರೇ ಬೇಕು. ನಮ್ಮದು ಲಿಂಗ ಕಟ್ಟಿದವರ ಮನೆ, ಮೊಟ್ಟೆ ಮುಟ್ಟುವುದಿಲ್ಲ. ಸೊಸೆ ಮೂಗು ಮುರಿದಳು.

"ಟ್ರೇ ಅಂತೂ ಬಂತ್ರಿ ಅತ್ತಿ, ಇನ್ನ ತತ್ತಿ ಒಂದ ಬಾಕಿ."

ಒಂದು ದಿನ ಅವಳೇ ಡಬ್ಬಿಯ ಮುಚ್ಚಳಕ್ಕೆ ಹಿಟ್ಟು ಹತ್ತಿದೆ ಎಂದು ಒರೆಸಲು ಹೋಗಿ ಹಿಂದೆ ಜಿಗಿದಳು.

"ಅತ್ತಿ, ಈ ಹಿಟ್ಟು ನಡ್ಯಾಕ ಹತ್ತೇತಿ!"

ಬಿಳಿ ನುಸಿ. ಜಿರಲೆಗಳ ಕಾಲಿಗೆ, ಹೊಟ್ಟೆಗೆ ಮುತ್ತಿಕೊಂಡಿತ್ತು. ಕೆಲವು ಅಂಗಾತ ಬಿದ್ದಿದ್ದವು.

"ನಾಳಿ ನನ್ನ ಜ್ವಾಳದ ಡಬ್ಬಿಗಿ ಬರತಾವ. ಇವತ್ತ ಒಯ್ದು ಚೆಲ್ರಿ," ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಯಜಮಾನರು ಮುಚ್ಚಳದ ಮೇಲೆ ಕೈ ಇಟ್ಟು ಕುಳಿತರು. ಚೆಲ್ಲಿದರೆ ಅವರು ಮತ್ತೆ ಗೋಡೆಗೆ ಮುಖ ಹಾಕುತ್ತಾರೆ ಎಂದು ನನಗೆ ಗೊತ್ತಿತ್ತು. ಸಂಜೆಯ ತನಕ ತಡಿ ಎಂದು ಸೊಸೆಗೆ ಹೇಳಿ, ಮೊಮ್ಮಗಳಿಗೆ ಫೋನು ಹಚ್ಚಿಸಿದೆ.

"ಆಯಿ, ಹಸೀದು ಏನರ ಹಾಕೀರೇನು? ಉಳದು ಕೊಳತ್ರ ನುಸಿ ಆಗತಾವ."

"ಇಲ್ಲವ್ವ, ಬರೇ ಒಣಾ ನುಚ್ಚ."

ಆದರೆ ಟ್ರೇ ಎತ್ತಿದರೆ ಕೆಳಗೆ ಕಪ್ಪಾದ ಬಾಳೆಹಣ್ಣಿನ ತುಂಡುಗಳು, ಒಂದರ ಮೇಲೊಂದು.

"ಏನ್ರೀ ಇದು?"

"ಪ್ರಸಾದ," ಎಂದರು. "ಶುಗರ್ ಐತಿ, ತಿನಬ್ಯಾಡ ಅಂದಾರ ಡಾಕ್ಟರು. ಲಿಂಗಕ್ಕ ಹಿಡದದ್ದು ತಿಪ್ಪಿಗಿ ಒಗೀಲೇನು? ಇವೂ ಜೀವ ಅಲ್ಲ?"

"ನುಸೀನೂ ಜೀವನ. ಅದಕ್ಕೂ ಉಣಿಸೀರಿ, ತೊಗೋರಿ."

ಅವರು ತಲೆ ತಗ್ಗಿಸಿದರು. ತಮ್ಮ ಪೂಜೆಯ ಪ್ರಸಾದವನ್ನು ಬೇರೆಯವರಿಗೆ ಕೊಡುವವರಲ್ಲ, ಎಸೆಯುವವರೂ ಅಲ್ಲ. ಅವರಿಗೆ ಬೇರೆ ದಾರಿ ಕಂಡಿರಲಿಕ್ಕಿಲ್ಲ.

ಅಂಗಳದಲ್ಲಿ ಕುಳಿತು ಹಿಟ್ಟು ಜರಡಿ ಹಿಡಿಯುವ ಹಳೆಯ ಸಾಣಿಗೆ ತೆಗೆದುಕೊಂಡೆ. ನಾಲ್ಕಾರು ಜಿರಲೆ, ಮೇಲೊಂದು ಹಿಡಿ ಒಣ ಹಿಟ್ಟು ಹಾಕಿ, ಮೆಲ್ಲಗೆ ಅಲ್ಲಾಡಿಸುವುದು. ಹಿಟ್ಟಿನ ಜೊತೆಗೆ ನುಸಿ ಉದುರಿ ಕೆಳಗಿನ ಬಿಸಿನೀರಿಗೆ ಬೀಳುತ್ತಿತ್ತು. ದೂರ ನಿಂತಿದ್ದ ಸೊಸೆ ನೀರು ಆರಿದಂತೆ ತಾನೇ ಮತ್ತೆ ಕಾಸಿ ತಂದಳು. ಟ್ರೇಗಳನ್ನು ಸುಟ್ಟೆವು.

ಒಂದು ಹುಳ ಉಳಿಸಲು ಇನ್ನೊಂದು ಹುಳವನ್ನು ಲೆಕ್ಕವಿಲ್ಲದಷ್ಟು ಕೊಂದೆ. ಜೋಳಕ್ಕೆ ಬಿದ್ದರೂ ಕೊಲ್ಲುತ್ತಿದ್ದೆ, ಅದಕ್ಕೆ ಯೋಚನೆ ಮಾಡುತ್ತಿರಲಿಲ್ಲ. ಇಲ್ಲಿ ಯಾಕೋ ಯೋಚನೆ ಬಂತು. ಜಿರಲೆಯನ್ನೂ ಇಷ್ಟು ವರ್ಷ ಕಸಬರಿಗೆಯಿಂದ ಹೊಡೆದವಳೇ ನಾನು. ಡಬ್ಬಿಯೊಳಗೆ ಇದ್ದದ್ದು ನಮ್ಮದು, ಹೊರಗಿನದು ಪರರದು, ಅಷ್ಟೇ ಇರಬೇಕು. ಮನುಷ್ಯರೊಳಗೂ ಹಾಗೆಯೇ ನಡೆಯುತ್ತದೆ. ಕೈ ಮಾತ್ರ ನಿಲ್ಲಲಿಲ್ಲ.

ಅರ್ಧದಷ್ಟು ಬದುಕಿದವು. ಅಡಗಲು ಏನೂ ಇಲ್ಲವಲ್ಲ ಎಂದಾಗ ಸೊಸೆ ತನ್ನ ಸೀರೆಯ ರಟ್ಟಿನ ಪೆಟ್ಟಿಗೆ ಹರಿದು ಮಡಚಿ ಕೊಟ್ಟಳು.

"ತತ್ತಿ ಟ್ರೇಕಿಂತ ಇದ ಭೇಷ್ ಐತಿ. ಖರೆ, ಇನ್ನೊಮ್ಮೆ ನುಸಿ ಬಂದ್ರ ನಾ ಕೇಳಾಂಗಿಲ್ಲ ನೋಡ್ರಿ."

ಮರುದಿನ ಬೆಳಿಗ್ಗೆ ಯಜಮಾನರ ಪೂಜೆಯ ತಟ್ಟೆಯಲ್ಲಿ ನಾನು ಹಣ್ಣು ಇಡಲಿಲ್ಲ, ಒಂದು ಹಿಡಿ ಹುರಿಗಡಲೆ, ನಮ್ಮ ಕಡೆಯ ಪುಠಾಣಿ, ಇಟ್ಟೆ.

"ಹಣ್ಣ ಎಲ್ಲೈತಿ?" ಎಂದರು.

"ದೇವರಿಗಿ ಇದು ನಡೀತೈತಿ, ನಿಮಗೂ ನಡೀತೈತಿ. ಪೂಜಿ ಮುಗಸ್ರಿ," ಎಂದೆ. ಅವರು ಪೂಜೆ ಮುಗಿಸಿ, ಪ್ರಸಾದ ಬಾಯಿಗೆ ಹಾಕಿಕೊಂಡು ಅಗಿದು ನುಂಗುವ ತನಕ ಎದುರಿಗೇ ನಿಂತೆ.