ದೇಜಪ್ಪನವರ ಮೋಟೆಲಿನಲ್ಲಿ ಉಳಿದ ಗೆಕ್ಕೊ

ಹಿಲ್ಸ್‌ಬರೋದ ಹೆದ್ದಾರಿ ಬದಿಯಲ್ಲಿ ಸಣ್ಣ ಮೋಟೆಲ್ ನಡೆಸುವ ದೇಜಪ್ಪನವರು ಮೂಲ್ಕಿ ಕಡೆಯವರು. ಗಿರಾಕಿಗಳು ರೂಮ್ ಬಿಟ್ಟೊಡನೆ ಒಳಗೆ ಹೋಗಿ ನೋಡುವುದು ಈಗಲೂ ಅವರೇ. ಮರೆತುಹೋದ ಚಾರ್ಜರು, ಹಲ್ಲಿನ ಸೆಟ್ಟು, ಒಮ್ಮೆ ಮದುವೆಯ ಉಂಗುರವೂ ಸಿಕ್ಕಿದ್ದುಂಟು. ಆ ಜನವರಿಯ ಬೆಳಿಗ್ಗೆ ಸಿಕ್ಕಿದ್ದಕ್ಕೆ ಮಾತ್ರ ಜೀವವಿತ್ತು.

ಮೂಲೆಯ ರೂಮಿನ ಹೀಟರ್ ಪಕ್ಕ, ಟವೆಲ್ ಸುತ್ತಿದ ಗಾಜಿನ ತೊಟ್ಟಿ. ಒಳಗೆ ಹಳದಿ ಮೈ, ಕಪ್ಪು ಚುಕ್ಕೆ, ದಪ್ಪ ಬಾಲದ ಒಂದು ಹಲ್ಲಿ. ಅದು ಅವರನ್ನು ನೋಡಿ ಕಣ್ಣು ಮಿಟುಕಿಸಿತು. ಊರಿನ ಗೋಡೆಯ ಹಲ್ಲಿ ಎಂದೂ ಹಾಗೆ ಮಾಡಿದ್ದಿಲ್ಲ. ದೇಜಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಆ ರೂಮಿನಲ್ಲಿ ಇದ್ದದ್ದು ಮರಿಸೋಲ್ ಎಂಬ ಹೆಂಗಸು ಮತ್ತು ಅವಳ ಮಗಳು ಇವೆಟ್. ಬಾಡಿಗೆ ಮನೆ ಕೈತಪ್ಪಿದ ಮೇಲೆ ಚಳಿಗಾಲಕ್ಕೆ ಮುಂಚೆ ಬಂದು ಸೇರಿದ್ದರು. ಈಗ ಕೀ ಇಟ್ಟು, ಹೇಳದೆ ಹೊರಟುಹೋಗಿದ್ದರು. ಫೋನೂ ಹೋಗುತ್ತಿರಲಿಲ್ಲ.

“ಬಿಸಾಡಿ ಹೋಗಿದ್ದಾರೆ, ಅಷ್ಟೆ,” ಎಂದರು ಹೆಂಡತಿ ಸರೋಜಿನಿ, ಬಾಗಿಲ ಹೊರಗೇ ನಿಂತು.

“ಬಿಸಾಡುವವರು ಟವೆಲ್ ಸುತ್ತಿ ಹೋಗ್ತಾರಾ ಮಾರಾಯ್ತಿ? ನೀರು ಸಹ ತುಂಬಿಸಿ ಇಟ್ಟಿದ್ದಾರೆ. ಬರ್ತಾರೆ ನೋಡು.”

ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ಮಗಳು ಅಕ್ಷತಾ ಫೋನಿನಲ್ಲಿ, “ಡ್ಯಾಡ್, ಜಸ್ಟ್ ಗಿವ್ ಇಟ್ ಅವೇ,” ಎಂದಳು.

“ಇನ್ನೊಬ್ಬರದ್ದನ್ನು ನಾನು ಹೇಗೆ ಕೊಡುದು?” ಎಂದು ಅವರು ತೊಟ್ಟಿಯನ್ನು ರಿಸೆಪ್ಷನ್ ಕೌಂಟರಿಗೆ ತಂದಿಟ್ಟರು.

ಸರೋಜಿನಿ ದೂರದಿಂದಲೇ ಒಂದು ಬಾಳೆಹಣ್ಣಿನ ತುಂಡು ಹಾಕಿದರು. ಅದು ತಿರುಗಿಯೂ ನೋಡಲಿಲ್ಲ. ದೇಜಪ್ಪ ಸಾಕುಪ್ರಾಣಿಗಳ ಅಂಗಡಿಗೆ ಡ್ರೈವ್ ಮಾಡಿದರು. ಇದು ಲೆಪರ್ಡ್ ಗೆಕ್ಕೊ, ಓಡಾಡುವ ಹುಳವನ್ನಷ್ಟೇ ತಿನ್ನುತ್ತದೆ, ಹೊಟ್ಟೆಯಡಿ ಬೆಚ್ಚಗಿಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ ಎಂದು ಅಲ್ಲಿಯ ಹುಡುಗಿ ತಿಳಿಸಿದಳು. ತೊಟ್ಟಿಯಡಿ ಹಾಸುವ ಹೀಟ್ ಮ್ಯಾಟ್, ಕ್ಯಾಲ್ಸಿಯಂ ಪುಡಿ, ಚಿರ್‌ಗುಟ್ಟುವ ಕ್ರಿಕೆಟ್ ಹುಳಗಳ ಡಬ್ಬಿ ಹಿಡಿದು ಅವರು ಮರಳಿದರು. ಹುಳಗಳಿಗೆ ಕ್ಯಾರೆಟ್ ಹೆಚ್ಚತೊಡಗಿದಾಗ ಸರೋಜಿನಿಗೆ ತಡೆಯಲಾಗಲಿಲ್ಲ.

“ಹುಳಕ್ಕೂ ಊಟ ಹಾಕ್ಬೇಕಾ?”

“ಹುಳ ತಿಂದದ್ದೇ ಅಲ್ವಾ ಇದಕ್ಕೆ ಸಿಗುದು!”

ಹುಳಗಳನ್ನು ಚೀಲದಲ್ಲಿ ಪುಡಿಯೊಂದಿಗೆ ಅಲ್ಲಾಡಿಸಿದರೆ ರವೆಯಲ್ಲಿ ಹೊರಳಿಸಿದ ಮೀನಿನ ಹಾಗೆ ಬೆಳ್ಳಗಾಗುತ್ತಿದ್ದವು. ಆದರೂ ಗೆಕ್ಕೊ ಬಾಯಿ ತೆರೆಯಲಿಲ್ಲ. ಕೊಬ್ಬು ಕೂಡಿಟ್ಟುಕೊಳ್ಳುವ ಅದರ ಬಾಲ ದಿನೇ ದಿನೇ ಸಣ್ಣಗಾಯಿತು. ದೇಜಪ್ಪ ಸಂಜೆ ದೀಪ ತಗ್ಗಿಸಿ, ಚಿಮಟದಲ್ಲಿ ಹುಳ ಹಿಡಿದು, ಕೈ ಸೋಲುವವರೆಗೆ ಕೂರುತ್ತಿದ್ದರು. ಕೊನೆಗೊಂದು ಸಂಜೆ ಅದು ಬಾಲದ ತುದಿ ಅದುರಿಸಿ, ಛಕ್ಕನೆ ಹಾರಿ ಕಚ್ಚಿಕೊಂಡಿತು.

“ಸರೋಜಾ, ತಿಂತು! ತಿಂತು!” ಎಂದು ಅವರು ಕೂಗಿದ್ದಕ್ಕೆ, ರೂಮ್ ಕೇಳಲು ಬಂದಿದ್ದ ಲಾರಿ ಡ್ರೈವರ್ ಬಾಗಿಲಲ್ಲೇ ನಿಂತುಬಿಟ್ಟ.

ಪೊರೆ ಬಿಡುವಾಗ ಇನ್ನೊಂದು ಕಷ್ಟ ಬಂತು. ಬೆರಳ ತುದಿಗಳಲ್ಲಿ ಹಳೆಯ ಚರ್ಮ ದಾರದಂತೆ ಬಿಗಿದುಕೊಂಡಿತ್ತು. ಹಾಗೇ ಬಿಟ್ಟರೆ ಬೆರಳೇ ಸತ್ತುಹೋಗುತ್ತದಂತೆ. ದೇಜಪ್ಪ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿಕೊಂಡು, ವರ್ಷಗಟ್ಟಲೆ ಪೈಪು, ನಲ್ಲಿ ತಿರುಗಿಸಿದ ಆ ದಪ್ಪ ಕೈಗಳಿಂದಲೇ, ಹತ್ತಿ ಕಡ್ಡಿಯಲ್ಲಿ ಒಂದೊಂದೇ ಬೆರಳು ಬಿಡಿಸಿದರು. ಟಾರ್ಚ್ ಹಿಡಿದದ್ದು ಸರೋಜಿನಿ. ಅಷ್ಟು ಹತ್ತಿರದಿಂದ ಅವರು ಅದನ್ನು ನೋಡಿದ್ದು ಅದೇ ಮೊದಲು. “ಪಾಪ, ಮಗುವಿನ ಕೈಯ ಹಾಗೆ ಉಂಟು,” ಎಂದರು.

ಬೇಸಿಗೆ ಕಳೆದು ಎಲೆ ಕೆಂಪಾಗುವ ಹೊತ್ತಿಗೆ ಒಂದು ಶನಿವಾರ ಮರಿಸೋಲ್ ಬಾಗಿಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಇವೆಟ್ ಓಡಿಬಂದು ಗಾಜಿಗೆ ಮೂಗು ಒತ್ತಿದಳು. “ಅಮ್ಮಾ, ಎಷ್ಟು ದಪ್ಪ ಆಗಿದ್ದಾನೆ!” ಆ ಮಾತಿಗೆ ದೇಜಪ್ಪನವರ ಮುಖ ಅರಳಿದಷ್ಟು ಯಾವ ಹೊಗಳಿಕೆಗೂ ಅರಳಿರಲಿಕ್ಕಿಲ್ಲ.

ತಾವು ಹೋದದ್ದು ಮನೆಯಿಲ್ಲದವರ ಶೆಲ್ಟರಿಗೆ, ಅಲ್ಲಿ ಪ್ರಾಣಿಗಳನ್ನು ಬಿಡುತ್ತಿರಲಿಲ್ಲ, ಈಗ ಒಂದು ಮನೆ ಸಿಕ್ಕಿದೆ ಎಂದು ಮರಿಸೋಲ್ ಅಳುತ್ತಾ ಹೇಳಿದಳು.

“ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತಲ್ಲ?” ದೇಜಪ್ಪ ಕೇಳಿದರು.

ಅವಳು ಕೌಂಟರಿನ ಹಿಂದಿನ ಗೋಡೆಯಲ್ಲಿ ಎತ್ತರಕ್ಕಿದ್ದ ಫಲಕ ತೋರಿಸಿದಳು: ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ರೂಮಿನಲ್ಲಿದ್ದ ಮೂರು ತಿಂಗಳೂ ತಾಯಿ ಮಗಳು ಗೆಕ್ಕೊವನ್ನು ಬಚ್ಚಿಟ್ಟುಕೊಂಡೇ ಇದ್ದರು.

ದೇಜಪ್ಪ ತೊಟ್ಟಿಯನ್ನು ತಾವೇ ಹೊತ್ತು ಕಾರಿನಲ್ಲಿಟ್ಟು, ಹುಳಗಳ ಡಬ್ಬಿ ಇವೆಟ್‌ಳ ಮಡಿಲಿಗಿಟ್ಟು, ಕ್ಯಾಲ್ಸಿಯಂ ಎಷ್ಟು ಹಾಕಬೇಕೆಂದು ವಿವರಿಸಿದರು. ಕಾರು ಹೋದ ಮೇಲೆ ಏಣಿ ತಂದು ಫಲಕದ ಸ್ಕ್ರೂ ಬಿಚ್ಚಿದರು. ಆ ಸಂಜೆ ಅವರಿಗೆ ಊಟ ಸೇರಲಿಲ್ಲ. ಸರೋಜಿನಿ ಇನ್ನೊಂದು ತರೋಣವೇ ಎಂದರೆ ಬೇಡವೆಂದರು.

ಆದರೆ ಈ ಚಳಿಗಾಲದಲ್ಲಿ, ಸೊಂಟದ ಆಪರೇಷನ್‌ಗೆ ಹೊರಟ ಒಬ್ಬ ಮುದುಕರು ತಮ್ಮ ಗೆಕ್ಕೊವನ್ನು ಯಾರಲ್ಲಿ ಬಿಡುವುದೆಂದು ತಿಳಿಯದೆ, ಯಾರೋ ಹೇಳಿದ್ದು ಕೇಳಿ ಮೋಟೆಲಿಗೆ ಬಂದರು. ಇದು ಹಣ್ಣಿನ ಪುಡಿ ಕಲಸಿಕೊಟ್ಟರೆ ನೆಕ್ಕುವ ಬೇರೆ ಜಾತಿಯದು.

“ನೀವು ನಿಶ್ಚಿಂತೆಯಿಂದ ಹೋಗಿ,” ಎಂದು ದೇಜಪ್ಪ ತೊಟ್ಟಿಗೆ ಕೈ ಚಾಚಿದರು. “ಇದಕ್ಕೆ ಪುಡಿ ಎಷ್ಟು ಗಟ್ಟಿ ಕಲಸ್ಬೇಕು, ಅದೊಂದು ತೋರಿಸಿ ಸಾಕು.”